ನೂರು ಟನ್ನಿನಲ್ಲಿ ಒಂದು ಗ್ರಾಂ

ಗದಗ-ಬೆಟಗೇರಿ ಬಿಟ್ಟು ಮುಳಗುಂದ ದಾಟಿದರೆ ಎರಡೂ ಕಡೆ ಎರಿಭೂಮಿ. ಒಂದು ಹೊಲದಲ್ಲಿ ಹತ್ತಿ ಒಡೆದು ನಿಂತಿದೆ. ಪಕ್ಕದ ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಹರವಿದ್ದಾರೆ. ಆ ಕೆಂಪಿನ ಮೇಲೆ ಉಳಿದ ಕೀಟನಾಶಕವನ್ನು ಈ ಬಿಳುಪು ಹಿಡಿದುಕೊಡಬಲ್ಲದು ಎಂಬುದೇ ನನ್ನ ತಲೆಯಲ್ಲಿ ಗುಂಗು ಹಿಡಿಸಿತ್ತು.

ಹತ್ತಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸೆಲ್ಯುಲೋಸ್. ಪ್ರಬಲ ಗಂಧಕಾಮ್ಲದಲ್ಲಿ ಹದವಾಗಿ ಕಾಯಿಸಿದರೆ ಎಳೆಯ ಸಡಿಲ ಭಾಗ ಕರಗಿ ಗಟ್ಟಿ ಹರಳುಗಳು ಉಳಿಯುತ್ತವೆ. ಒಂದೊಂದರ ದಪ್ಪ 10 ನ್ಯಾನೊಮೀಟರ್ ಆಸುಪಾಸು. ತಲೆಗೂದಲು ಅದರ ಸಾವಿರಾರು ಪಟ್ಟು ದಪ್ಪ. ಇದೇ ನ್ಯಾನೊಸೆಲ್ಯುಲೋಸ್. ಮುಂಬೈನ ಹತ್ತಿ ತಂತ್ರಜ್ಞಾನ ಸಂಸ್ಥೆ ಸಿರ್ಕಾಟ್ ಇದನ್ನು ತಯಾರಿಸುವ ಪ್ರಾಯೋಗಿಕ ಘಟಕವನ್ನೇ ಕಟ್ಟಿದೆ.

ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯ ಕೆತ್ತನೆ ನೋಡುತ್ತ ನಿಂತಾಗಲೂ ಅದೇ ಯೋಚನೆ: ಮನುಷ್ಯನ ಕೈ ಎಷ್ಟು ಸಣ್ಣದರವರೆಗೆ ಇಳಿದೀತು? ನ್ಯಾನೊಸೆಲ್ಯುಲೋಸಿನ ತೆಳು ಹಾಳೆಯ ಮೇಲೆ ಬೆಳ್ಳಿಯ ಅತಿಸಣ್ಣ ಕಣಗಳನ್ನು ಕೂರಿಸುತ್ತಾರೆ. ಹಣ್ಣಿನ ಸಿಪ್ಪೆಗೆ ಆ ಹಾಳೆಯನ್ನು ಒತ್ತಿ ಒರೆಸಿ ಲೇಸರ್ ಬಿಟ್ಟರೆ, ಅಂಟಿದ ಅಣುಗಳು ಬೆಳಕು ಚದುರಿಸುತ್ತವೆ. ಚದುರಿದ ಬೆಳಕಿನಲ್ಲಿ ಪ್ರತಿ ರಾಸಾಯನಿಕಕ್ಕೂ ತನ್ನದೇ ಗುರುತು. ಬೆಳ್ಳಿ ಅದನ್ನು ಲಕ್ಷಗಟ್ಟಲೆ ಪಟ್ಟು ಹೆಚ್ಚಿಸುತ್ತದೆ. ಸಿ.ವಿ. ರಾಮನ್ ಕಂಡ ಬೆಳಕೇ ಇದು! 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲೇ ಅವರು ಅದರ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಸೇಬಿನ ಸಿಪ್ಪೆಯ ಮೇಲಿನ ಥೈರಾಮ್ ಎಂಬ ಶಿಲೀಂಧ್ರನಾಶಕವನ್ನು ಪ್ರಯೋಗಾಲಯಗಳು ಈ ದಾರಿಯಲ್ಲಿ ಪತ್ತೆ ಹಚ್ಚಿವೆ.

ಹಿಡಿಯಬೇಕಾದದ್ದಾದರೂ ಎಷ್ಟು? ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಗಳಿಗೆ ಯುರೋಪ್ ಇಟ್ಟಿರುವ ಸಾಮಾನ್ಯ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ನೂರು ಟನ್ ಆಹಾರದಲ್ಲಿ ಒಂದೇ ಒಂದು ಗ್ರಾಂ. ಬಸ್ಸಿನಲ್ಲಿ ಕುಳಿತು ಬೆರಳು ಮಡಿಚಿ ಮತ್ತೊಮ್ಮೆ ಲೆಕ್ಕ ಹಾಕಿದೆ, ಸರಿಯಾಗಿಯೇ ಇತ್ತು.

ಶಿರಹಟ್ಟಿ ಹಿಂದಾಯಿತು. ಕಪ್ಪತಗುಡ್ಡದ ಸಾಲು ಬಿಟ್ಟು ಮುಂಡರಗಿ ಸಮೀಪಿಸುವಾಗ ಕಣವೊಂದರಲ್ಲಿ ಹಿರಿಯರೊಬ್ಬರಿಗೆ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ.

“ಎಣ್ಣಿ ಹೊಡೀಲಿಲ್ಲಂದ್ರ ಥ್ರಿಪ್ಸ್ ಬಿಡಂಗಿಲ್ರೀ,” ಎಂದರು. ಆಮೇಲೆ ಕೇಳಿದರು, “ನಿಮ್ಮ ಹಾಳಿ ಮ್ಯಾಗಿಂದಷ್ಟ ತೋರಸ್ತದೋ, ಒಳಗ ಇಳಿದದ್ದೂ ತೋರಸ್ತದೋ?”

ಎಂಥ ಪ್ರಶ್ನೆ! ಒರೆಸಿದರೆ ಸಿಗುವುದು ಮೇಲಿನದಷ್ಟೇ. ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸಕ್ಕೇ ಇಳಿಯುತ್ತವೆ. ಅವನ್ನು ಹಿಡಿಯಲು ಕಾಯಿ ಅರೆದು ದ್ರಾವಣ ತೆಗೆಯಬೇಕು. ಆಗ ಮೆಣಸಿನಕಾಯಿಯ ಕೆಂಬಣ್ಣವೇ ಲೇಸರಿಗೆ ಅಡ್ಡ ಬರುತ್ತದೆ. ಇಷ್ಟನ್ನೂ ಒಪ್ಪಿಸಿದೆ.

“ಹಂಗಾರ ಇನ್ನಾ ಕೆಲಸ ಐತಿ ತಗೋರಿ,” ಎಂದು ನಕ್ಕರು. “ಅದು ಪ್ಯಾಟಿಗೆ ಬರೂದ್ರೊಳಗ ನಮ್ಮ ಕಾಯಿ ಮಾರಿರತಾವ.”