ಸಮುದ್ರವಿಲ್ಲದ ಊರಲ್ಲಿ ಸಮುದ್ರದ ಪಾಠ

"ಸರ್, ಸಮುದ್ರಾನೇ ಇಲ್ದ ಹೈದರಾಬಾದಿನಾಗ ಕುಂತು ನಾಳಿ ಅಲೆ ಎಷ್ಟು ಎತ್ತರ ಬರ್ತದಂತ ಹ್ಯಾಂಗ ಹೇಳ್ತಾರ್ರೀ?"

ಬೊಮ್ರಾಸಪೇಟಿನ ನಮ್ಮ ಹುಡುಗನೊಬ್ಬ ಮೊನ್ನೆ ಕೇಳಿದ. ಅವನೂ ಸಮುದ್ರ ನೋಡಿಲ್ಲ, ಅವನಪ್ಪನೂ ನೋಡಿಲ್ಲ.

ಹೈದರಾಬಾದಿನಲ್ಲಿ 1999ರಿಂದ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಕೇಂದ್ರವಿದೆ. ಗಣಿತದ ನೋಟ್‌ಬುಕ್ಕಿನಂತೆ ಕಡಲನ್ನು ಚೌಕಗಳಾಗಿ ಹಂಚಿ, ಗಾಳಿ ಮತ್ತು ಆಳದ ಅಂಕಿಗಳನ್ನು ಕೊಟ್ಟರೆ ಕಂಪ್ಯೂಟರ್ ಅಲೆಯ ಲೆಕ್ಕ ಹೇಳುತ್ತದೆ. ಕಾರವಾರದಂಥ ಕಡೆ ನೀರಲ್ಲಿ ತೇಲುವ ಬೋಯ್ ನಿಜವಾದ ಅಲೆಯನ್ನು ಅಳೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಪರೀಕ್ಷೆ. ಲೆಕ್ಕ 2 ಮೀಟರ್ ಅಂದು ಬೋಯ್ 3 ತೋರಿಸಿದರೆ, ತಪ್ಪು ಗಾಳಿಯದೋ ಆಳದ್ದೋ ಹುಡುಕುತ್ತಾರೆ. ದಡದ ಹತ್ತಿರ ಆಳ ಬೇಗ ಬದಲಾಗುತ್ತದೆ, ಅಲ್ಲಿ ಚೌಕಗಳನ್ನು ಚಿಕ್ಕದು ಮಾಡುತ್ತಾರೆ.

"ತಪ್ಪಿದ್ರ ಏನಾಗ್ತದ ಸರ್?"

ಕಡಿಮೆ ಹೇಳಿದರೆ ದೋಣಿ ವಾಪಸು ಬರದೇ ಹೋಗಬಹುದು. ಹೆಚ್ಚು ಹೇಳಿದರೆ ಮೀನುಗಾರನ ಒಂದು ದಿನದ ಗಳಿಕೆ ಹೋಗುತ್ತದೆ, ಮುಂದಿನ ಸಲ ಅವನು ನಂಬುವುದಿಲ್ಲ. "ನಮ್ ಮಳಿ ಸುದ್ದಿ ಇದ್ದಂಗ ಬಿಡ್ರಿ" ಅಂದ! ತೊಗರಿ ಬಿತ್ತುವ ಮನೆಯವನು, ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಆ ರಾತ್ರಿ ಪೇಪರ್ ತಿದ್ದಲು ಕುಳಿತೆ. ಇಷ್ಟು ವರ್ಷ ತಪ್ಪು ಉತ್ತರಕ್ಕೆ ಸೊನ್ನೆ ಹಾಕಿ ಮುಂದೆ ಹೋಗುತ್ತಿದ್ದೆ. ಅವತ್ತು ಮೊದಲ ಸಲ, ಲೆಕ್ಕ ಯಾವ ಸಾಲಲ್ಲಿ ದಾರಿ ತಪ್ಪಿತೆಂದು ಹುಡುಕಿದೆ ನೋಡಿ.