ಯಾರ ಆಯಿ?

ಧಾರವಾಡದಿಂದ ಪಿಂಪ್ರಿ-ಚಿಂಚವಾಡಕ್ಕೆ ಬಂದವರಿಗೆ ಪರದೇಶಿ ಅನ್ನಿಸುವುದು ಸ್ವಲ್ಪ ಕಷ್ಟವೇ. ನಮ್ಮ ತುಪ್ಪ ಇಲ್ಲಿ ತೂಪ. ಅಕ್ಕ, ಅಣ್ಣ ಇಲ್ಲೂ ಇದ್ದಾರೆ. ತೊಂದರೆ ಕೊಡುವುದು ಬೇರೆಯಾಗಿ ಕೇಳಿಸುವ ಮಾತಲ್ಲ, ಒಂದೇ ಥರ ಕೇಳಿಸುವ ಮಾತು.

ಭೋಸರಿಯ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಒಂದೇ ರೌಟರಿನೊಳಗೆ ಎರಡು ರೂಟಿಂಗ್ ಟೇಬಲ್: ಒಂದು ಯಂತ್ರಗಳದ್ದು, ಇನ್ನೊಂದು ಆಫೀಸಿನದ್ದು. ಇದಕ್ಕೆ ವಿ.ಆರ್.ಎಫ್. ಅಂತಾರೆ. ಪೆಟ್ಟಿಗೆ ಒಂದೇ ಆದರೂ ಒಂದರ ದಾರಿ ಇನ್ನೊಂದಕ್ಕೆ ಗೊತ್ತಿಲ್ಲ. ಆಫೀಸಿನ ವೈರಸ್ ಯಂತ್ರಕ್ಕೆ ಹತ್ತಬಾರದಲ್ಲ! ಆಮೇಲೆ ಲೆಕ್ಕದವರಿಗೆ ದಿನದ ಉತ್ಪಾದನೆಯ ಅಂಕಿ ಬೇಕಾಯಿತು. ಗೋಡೆ ಕೆಡವದೆ ಕಿಟಕಿ ಇಡಬೇಕು. ಯಂತ್ರದ ಟೇಬಲ್ಲು ಸರ್ವರಿನ ದಾರಿಯೊಂದಕ್ಕೆ ಮಾತ್ರ ‘ರೂಟ್ ಟಾರ್ಗೆಟ್’ ಎಂಬ ಚೀಟಿ ಅಂಟಿಸಿ ಎಕ್ಸ್‌ಪೋರ್ಟ್ ಮಾಡುತ್ತದೆ. ಆಫೀಸಿನದ್ದು ಆ ಚೀಟಿ ನೋಡಿ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಅಷ್ಟೇ ಸಾಲದು. ಲೆಕ್ಕದವರ ಕಂಪ್ಯೂಟರಿನ ದಾರಿ ಯಂತ್ರದ ಕಡೆಗೂ ತಿಳಿದಿರಬೇಕು. ಇಲ್ಲದಿದ್ದರೆ ಪ್ರಶ್ನೆ ಹೋಗುತ್ತದೆ, ಉತ್ತರ ಬರುವುದಿಲ್ಲ.

ನಿಜವಾದ ಪೇಚು ಬೇರೆ. ಸರ್ವರು ಇದ್ದ 192.168.1 ಸಾಲನ್ನೇ ಆಫೀಸಿನ ಪ್ರಿಂಟರುಗಳಿಗೂ ಕೊಟ್ಟಿದ್ದರು. ಬೇರೆ ಬೇರೆ ಇರುವವರೆಗೆ ಜಗಳವಿಲ್ಲ. ‘ರೂಟ್ ಡಿಸ್ಟಿಂಗ್ವಿಷರ್’ ಎಂಬ 64 ಬಿಟ್‌ನ ಅಡ್ಡಹೆಸರು ಹಚ್ಚಿ ಬಿ.ಜಿ.ಪಿ. ಅವನ್ನು ಬೇರೆಯಾಗಿಯೇ ಗುರುತಿಡುತ್ತದೆ. ಆದರೆ ಎರಡೂ ಒಂದೇ ಟೇಬಲ್ಲಿಗೆ ಬಂದು ಕೂತರೆ ಆ ಅಡ್ಡಹೆಸರು ಕಳಚಿಹೋಗುತ್ತದೆ. ಆಗ ಒಂದು ವಿಳಾಸಕ್ಕೆ ಇಬ್ಬರು ಒಡೆಯರು. ಕೊನೆಗೆ ಸರ್ವರನ್ನೇ ಹೊಸ ಸಾಲಿಗೆ ಸರಿಸಿದೆವು.

ಆ ಮಳೆಗಾಲ ಅವ್ವ ನಿಗಡಿಯ ನಮ್ಮ ಮನೆಗೆ ಬಂದಿದ್ದಳು. ಮರಾಠಿ ಅವಳಿಗೆ ಅಷ್ಟಕ್ಕಷ್ಟೆ. ಒಂದು ಮಧ್ಯಾಹ್ನ ಪಕ್ಕದ ಮನೆಯ ಹುಡುಗ ‘ಆಯಿ ಪಡ್ಲಿ’ ಅಂತ ಅಳುತ್ತ ಓಡಿಬಂದ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಮರಾಠಿಯಲ್ಲಿ ತಾಯಿ. (ಅವರ ‘ತಾಯಿ’ ಅಕ್ಕ. ಆ ಕಥೆ ಬಿಡಿ!) ಅವ್ವ ನೆಟ್ಟಗೆ ಅಜ್ಜಿಯ ಕೋಣೆಗೆ ಓಡಿದಳು. ಅಜ್ಜಿ ರಗ್ಗು ಹೊದ್ದು ಮಲಗಿದ್ದರು. ‘ಇಲ್ಲೇ ಅದಾರಲ್ಲೋ, ಏನಾಗೇತಿ?’ ಅಂದರೆ ಹುಡುಗನ ಅಳು ಇನ್ನೂ ಜೋರು. ಕೈ ಹಿಡಿದು ಬಚ್ಚಲಿಗೆ ಎಳೆದೊಯ್ದಾಗಲೇ ತಿಳಿದದ್ದು: ಅವನ ತಾಯಿ ಕಾಲು ಮುರಿದುಕೊಂಡು, ಕೂಗಲೂ ಆಗದೆ ಬಿದ್ದಿದ್ದರು.

ಪ್ಲಾಸ್ಟರ್ ತೆಗೆಯುವವರೆಗೆ ಅವ್ವ ಊರಿಗೆ ಹೋಗಲಿಲ್ಲ. ದಿನಾ ರೊಟ್ಟಿ ಬಡಿದು ಆ ಹುಡುಗನ ಕೈಯಲ್ಲಿ ಕಳಿಸುತ್ತಿದ್ದಳು. ‘ಎರಡು ದೊಡ್ಡಾಯಿಗೆ, ಮೂರು ಸಣ್ಣಾಯಿಗೆ’ ಅಂತ ಎಣಿಸಿ ಕೊಡುವಳು. ಅವನೂ ಹಾಗೆಯೇ ಕರೆಯಲು ಶುರು ಮಾಡಿದ್ದ.