ಕೊನೆಯ ಫಾರಂ ಇಲ್ಲದ ಕಾದಂಬರಿ

ಒಂದು ಪುಸ್ತಕವನ್ನು ಹುಡುಕಬೇಕಾದರೆ ಅದರ ಹೆಸರು ಗೊತ್ತಿರಬೇಕು, ಇಲ್ಲವೆ ಬರೆದವರ ಹೆಸರು ಗೊತ್ತಿರಬೇಕು. ಎರಡೂ ಇಲ್ಲದವನು ಗ್ರಂಥಾಲಯದ ಬಾಗಿಲಲ್ಲಿ ನಿಂತು ಏನೆಂದು ಕೇಳಬೇಕು? ಕೆಲವು ವರ್ಷಗಳಿಂದ ನಾನು ಇಂತಹ ಯಾಚಕನಾಗಿದ್ದೇನೆ. ನನ್ನ ಬಳಿಯಿರುವ ಸಾಮಗ್ರಿ ಇಷ್ಟೆ: ಮಳೆಯಲ್ಲಿ ಘಟ್ಟವಿಳಿಯುವ ಒಂದು ಬಸ್ಸು, ಕಾಲ ಬಳಿ ತಗಡಿನ ಟ್ರಂಕನ್ನಿಟ್ಟುಕೊಂಡು ಕುಳಿತ ಒಬ್ಬ ತರುಣಿ, ಅವಳ ಹೆಸರು ಸುಮತಿಯೋ ಸುಮಿತ್ರೆಯೋ, ಚಿಲ್ಲರೆಗಾಗಿ ಕಂಡಕ್ಟರನೊಡನೆ ವ್ಯಾಜ್ಯ ಹೂಡುವ ಒಬ್ಬ ಮುದುಕಿ, ಕಡೆಯಲ್ಲಿ ಒಂದು ಕಾಗದ. ಆ ಘಟ್ಟವಾದರೂ ಯಾವುದೆಂದು ಪುಸ್ತಕದಲ್ಲಿ ಹೇಳಿರಲಿಲ್ಲ. ನಾನು ಕಂಡಿದ್ದುದು ಆಗುಂಬೆಯ ಘಟ್ಟವೊಂದನ್ನೇ ಆದುದರಿಂದ ಆ ಬಸ್ಸು ಇಂದಿಗೂ ನನ್ನ ಮನಸ್ಸಿನಲ್ಲಿ ಆಗುಂಬೆಯ ತಿರುವುಗಳಲ್ಲಿಯೇ ಇಳಿಯುತ್ತಿದೆ.

ಅದು 1965ನೆಯ ಇಸವಿಯ ಮಳೆಗಾಲ. ಕೊಪ್ಪದ ಸಮೀಪದ ನಮ್ಮ ಹಳ್ಳಿಗೆ ಪುಸ್ತಕಗಳು ಬರುತ್ತಿದ್ದುದು ಸಂತೆಯ ಚೀಲದಲ್ಲಿ, ಒಣಮೆಣಸಿನಕಾಯಿ ಬೆಲ್ಲಗಳ ಜೊತೆಗೆ. ಪೇಟೆಯ ಬಟ್ಟೆಯಂಗಡಿಯೊಂದರ ಅಟ್ಟದ ಮೇಲೆ, ದಿನಬಾಡಿಗೆಗೆ ಪುಸ್ತಕ ಕೊಡುವ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದಿತ್ತು. ಒಂದೂವರೆ ರೂಪಾಯಿ ಬೆಲೆಯ, ತೆಳು ಹೊದಿಕೆಯ ಕಾದಂಬರಿಗಳು ಹತ್ತು ಕೈ ದಾಟುವಷ್ಟರಲ್ಲಿ ಚಿಂದಿಯಾಗುತ್ತಿದ್ದುವು. ಇದನ್ನು ಬಲ್ಲ ಲೈಬ್ರರಿಯವರು ಪುಸ್ತಕ ಕೈಗೆ ಬಂದೊಡನೆಯೇ ಅದರ ಚಿತ್ರದ ಹೊದಿಕೆಯನ್ನು ಕಿತ್ತುಹಾಕಿ, ಎರಡು ಕಡೆಯೂ ರಟ್ಟು ಕಟ್ಟಿಸಿ, ಬೆನ್ನಿಗೆ ಕ್ಯಾಲಿಕೋ ಪಟ್ಟಿಯನ್ನಂಟಿಸಿ, ಮೂರು ಅಂಚುಗಳನ್ನೂ ಒಪ್ಪವಾಗಿ ಕತ್ತರಿಸುತ್ತಿದ್ದರು. ಆ ಅಲಗು ಪುಟದ ನೆತ್ತಿಯಲ್ಲಿ ಅಚ್ಚಾಗಿದ್ದ ಹೆಸರನ್ನೂ ಸವರಿಕೊಂಡು ಹೋಗುತ್ತಿತ್ತು. ಮೊದಲ ಎಲೆಗಳು ಓದುವವರ ಹೆಬ್ಬೆರಳಿಗೆ ಬಲಿಯಾಗುತ್ತಿದ್ದುವು. ಪುಸ್ತಕ ಬಹುಕಾಲ ಬಾಳಲೆಂದು ಮಾಡಿದ ಕಟ್ಟೇ ಅದನ್ನು ಅನಾಮಧೇಯವನ್ನಾಗಿ ಮಾಡುತ್ತಿತ್ತು. ಉಳಿಯುತ್ತಿದ್ದುದು ಬೆನ್ನಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಒಂದು ಅಂಕೆ. ನಮ್ಮ ಕಾದಂಬರಿಯ ಅಂಕೆ 214. ನಮ್ಮ ಮನೆಯಲ್ಲಿ ಅದು ‘ಇನ್ನೂರ ಹದಿನಾಲ್ಕು’ ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಓದುತ್ತಿದ್ದವಳು ಅಕ್ಕ. ರಾತ್ರಿ ಊಟವಾದ ಮೇಲೆ ಲಾಟೀನಿನ ಬಳಿ ಕುಳಿತು ಅವಳು ಗಟ್ಟಿಯಾಗಿ ಓದುವಳು. ಅಜ್ಜಿ ಬತ್ತಿ ಹೊಸೆಯುತ್ತ ಕೇಳುವಳು. ಅಮ್ಮ ಅಡಿಗೆಮನೆಯ ಹೊಸಲಿನಲ್ಲಿ ಕುಳಿತಿರುವಳು. ಹನ್ನೆರಡು ವರ್ಷದ ನಾನು ಕಂಬಳಿಯೊಳಗಿನಿಂದ ಮುಖವನ್ನಷ್ಟೇ ಹೊರಹಾಕಿಕೊಂಡು ಅಕ್ಕನ ಪಕ್ಕದಲ್ಲಿರುವೆನು. ಆ ತರುಣಿ ಗಂಡನ ಮನೆಯನ್ನು ತೊರೆದುಬಂದ ಕಾರಣ ನನಗೆ ತಿಳಿಯಲಿಲ್ಲ. ಆ ಭಾಗಗಳನ್ನು ಅಕ್ಕ ಧ್ವನಿ ತಗ್ಗಿಸಿ ಬೇಗಬೇಗನೆ ದಾಟಿಸಿಬಿಡುತ್ತಿದ್ದಳು. ಘಟ್ಟದ ಕೆಳಗಿನ ಯಾವುದೋ ಊರಿನಲ್ಲಿ ಅವಳಿಗೆ ಉಪಾಧ್ಯಾಯಿನಿಯ ಕೆಲಸ ದೊರೆತಿತ್ತು. ಶಾಲೆ, ಸೋರುವ ಬಾಡಿಗೆಯ ಕೋಣೆ, ಮೊದಲನೆಯ ತಿಂಗಳ ಸಂಬಳ, ಎಲ್ಲವೂ ಆದ ಮೇಲೆ ಒಂದು ದಿನ ಮಾವನ ಮನೆಯಿಂದ ಕಾಗದ ಬಂದಿತು. ಅದನ್ನು ಅವಳು ಎರಡನೆಯ ಸಲ ಓದಿ ಮಡಿಸುವಲ್ಲಿಗೆ ಪುಟ ಮುಗಿದಿತ್ತು. ಅದರಾಚೆಗೆ ಬರಿಯ ರಟ್ಟು. ಕೊನೆಯ ಹದಿನಾರು ಪುಟಗಳ ಫಾರಂ ಪೂರ್ತಿಯಾಗಿ ಕಳಚಿಹೋಗಿತ್ತು.

ಅಕ್ಕ ನಿಲ್ಲಿಸಲಿಲ್ಲ. ಹಾಳೆಯನ್ನು ಮಗುಚಿದಂತೆ ಮಾಡಿ, ಧ್ವನಿ ಬದಲಿಸದೆ, ಓದುತ್ತಲೇ ಹೋದಳು. ಅವಳು ರಟ್ಟನ್ನು ಓದುತ್ತಿದ್ದಾಳೆಂಬುದು ಪಕ್ಕದಲ್ಲಿದ್ದ ನನ್ನೊಬ್ಬನಿಗೇ ಕಾಣುತ್ತಿತ್ತು. ಆ ರಾತ್ರಿ ತರುಣಿ ಗಂಡನ ಮನೆಗೆ ಹಿಂದಿರುಗಿದಳು. ಅತ್ತೆ ಆರತಿಯೆತ್ತಿ ಒಳಗೆ ಕರೆದುಕೊಂಡಳು. ಅಜ್ಜಿ ತೃಪ್ತಳಾಗಿ ಮಲಗಲು ಹೋದಳು. ಮರುದಿನ ಬಾವಿಯ ಕಟ್ಟೆಯ ಬಳಿ ನಾನು ಮೆಲ್ಲನೆ ವಿಷಯವನ್ನೆತ್ತಿದಾಗ ಅಕ್ಕ ನಕ್ಕು ನನಗೆ ಬೇರೊಂದು ಮುಕ್ತಾಯವನ್ನು ಹೇಳಿದಳು. ಅದರಲ್ಲಿ ಅವಳು ಕಾಗದವನ್ನು ಟ್ರಂಕಿನ ಅಡಿಯಲ್ಲಿಟ್ಟು, ಕೊಡೆ ಹಿಡಿದು ಶಾಲೆಗೆ ಹೊರಟುಹೋಗುತ್ತಾಳೆ. ಅಮ್ಮನಿಗೆ ಮೂರನೆಯದೊಂದನ್ನು ಹೇಳಿದ್ದಳೆಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು: ಗಂಡನೇ ಆ ಊರಿಗೆ ಬಂದು ಅವಳೊಡನೆ ನೆಲಸುತ್ತಾನೆ. ಆ ವರ್ಷ ಅಕ್ಕ ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾಗಿದ್ದಳು. ಉಪಾಧ್ಯಾಯರ ತರಬೇತಿಗೆಂದು ಅವಳು ತುಂಬಿಸಿದ್ದ ಅರ್ಜಿ ತಂದೆಯವರ ಪೆಟ್ಟಿಗೆಯಲ್ಲಿತ್ತು. ಕಾರ್ತಿಕದಲ್ಲಿ ಮದುವೆಯೆಂದು ನಿಶ್ಚಯವಾಗಿತ್ತು. ಅರ್ಜಿ ಪೆಟ್ಟಿಗೆಯಿಂದ ಹೊರಕ್ಕೆ ಬರಲಿಲ್ಲ.

ಇನ್ನು ಅನ್ವೇಷಣೆಯ ವಿಚಾರ. ಪುಸ್ತಕದ ಕಾಲವನ್ನು ನಿರ್ಣಯಿಸಲು ನನಗೆ ನೆರವಾದವಳು ಆ ಮುದುಕಿ. ಬಸ್ಸಿನ ಛಾರ್ಜು ಆರಾಣೆ. ಅವಳು ಎಂಟಾಣೆಯ ನಾಣ್ಯವನ್ನು ಕೊಟ್ಟಳು. ಕಂಡಕ್ಟರನು ಎರಡಾಣೆಗೆ ಬದಲಾಗಿ ಹನ್ನೆರಡು ನಯಾಪೈಸೆಗಳನ್ನು ಅವಳ ಅಂಗೈಯಲ್ಲಿಟ್ಟನು. ಎರಡಾಣೆಗೆ ಹನ್ನೆರಡೂವರೆಯಲ್ಲವೆ, ಉಳಿದ ಅರ್ಧ ಎಲ್ಲಿ ಹೋಯಿತೆಂಬುದೇ ಅವಳ ತಕರಾರು. ಕೇಳುತ್ತಿದ್ದ ನಮ್ಮ ಅಜ್ಜಿ ಬತ್ತಿಯನ್ನು ಕೆಳಗಿಟ್ಟು ಮುದುಕಿಯ ಪಕ್ಷವನ್ನು ಬಲವಾಗಿ ವಹಿಸಿದಳಾದ್ದರಿಂದ ಈ ಪ್ರಸಂಗ ನನ್ನಲ್ಲಿ ಅಚ್ಚಳಿಯದೆ ಉಳಿದಿದೆ. ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದುದು 1957ರ ಏಪ್ರಿಲ್ 1ರಂದು. ‘ನಯಾ’ ಎಂಬ ವಿಶೇಷಣವನ್ನು ಕೈಬಿಟ್ಟುದು 1964ರ ಜೂನ್ 1ರಂದು. ಆದುದರಿಂದ ಕಾದಂಬರಿ 1957ಕ್ಕೆ ಹಿಂದಿನದಲ್ಲ, ನಾವು ಓದಿದ 1965ಕ್ಕೆ ಈಚಿನದೂ ಅಲ್ಲ. ಶಾಸನತಜ್ಞರು ಲಿಪಿಯಿಂದ ಕಾಲವನ್ನು ನಿರ್ಣಯಿಸುವಂತೆ ನಾನು ಒಬ್ಬ ಮುದುಕಿಯ ಅರ್ಧ ಪೈಸೆಯಿಂದ ಎಂಟು ವರ್ಷಗಳ ಅವಧಿಯನ್ನು ಸಂಪಾದಿಸಿದೆನು.

ಮಿತ್ರರನ್ನು ಕೇಳಿದರೆ ಉತ್ತರಕ್ಕೆ ಕೊರತೆಯಿಲ್ಲ. ಮನಸ್ಸು ನೊಂದ ಹೆಣ್ಣೆಂದೊಡನೆ ಒಬ್ಬರು, “ತ್ರಿವೇಣಿಯವರದೇ, ಸಂದೇಹವೇ ಬೇಡ” ಎಂದರು. ಮಲೆನಾಡು, ಮಳೆ ಎಂದೊಡನೆ ಇನ್ನೊಬ್ಬರು ಎಂ. ಕೆ. ಇಂದಿರಾ ಅವರ ಹೆಸರನ್ನು ಹೇಳಿದರು. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದುದೇ 1963ರಲ್ಲಿ. ಕಾಲವೇನೋ ಕೂಡುತ್ತದೆ, ಕಥೆ ಕೂಡುವುದಿಲ್ಲ. ಮತ್ತೊಬ್ಬರಂತೂ ನಾನು ಮಾತು ಮುಗಿಸುವ ಮೊದಲೇ ಅನಕೃ ಎಂದರು. ಒಡೆಯನಿಲ್ಲದ ಚಾಟುಪದ್ಯಗಳನ್ನೆಲ್ಲ ನಮ್ಮ ಹಿರಿಯರು ಕಾಳಿದಾಸನ ತಲೆಗೆ ಕಟ್ಟುತ್ತಿದ್ದರಷ್ಟೆ. ದೊಡ್ಡ ಹೆಸರಿನ ಮನೆಗೆ ಅನಾಥ ಕೃತಿಗಳು ತಾವಾಗಿಯೇ ಹೋಗಿ ಸೇರುತ್ತವೆ. ಆದರೆ ಆ ದಿನಗಳಲ್ಲಿ ಒಂದೆರಡು ಕಾದಂಬರಿಗಳನ್ನು ಬರೆದು ಸುಮ್ಮನಾದವರು ಎಷ್ಟು ಮಂದಿ! ಬಾಡಿಗೆಯ ಪುಸ್ತಕಾಲಯಗಳ ಕಪಾಟುಗಳು ತುಂಬಿದ್ದುದು ಅವರಿಂದಲೂ ಹೌದು. ನನ್ನ ಲೇಖಕರು ಅವರಲ್ಲೊಬ್ಬರೆಂದೇ ನನ್ನ ಊಹೆ.

ಒಂದನೆಯ ಗುಣವರ್ಮನ ‘ಶೂದ್ರಕ’ ಇಂದು ನಮಗೆ ದೊರೆತಿಲ್ಲ. ಆದರೂ ಸಂಕಲನಕಾರರು ಎತ್ತಿಟ್ಟ ಬಿಡಿಪದ್ಯಗಳ ಬಲದಿಂದ ವಿದ್ವಾಂಸರು ಸಾವಿರ ವರ್ಷಗಳ ಹಿಂದಿನ ಆ ಕಾವ್ಯದ ಸ್ವರೂಪವನ್ನು ಚರ್ಚಿಸುತ್ತಾರೆ. ಅರವತ್ತು ವರ್ಷಗಳ ಹಿಂದಿನ ಅಗ್ಗದ ಕಾದಂಬರಿಯಿಂದ ಬಿಡಿವಾಕ್ಯವೊಂದನ್ನು ಎತ್ತಿಟ್ಟವರು ಯಾರು?

ಸರಕಾರ ಎತ್ತಿಡಬೇಕೆಂದು ಕಾನೂನೇನೋ ಉಂಟು. 1954ರ ಶಾಸನದಂತೆ ಪ್ರಕಾಶಕರು ತಮ್ಮ ಪ್ರತಿಯೊಂದು ಪುಸ್ತಕವನ್ನೂ ಪ್ರಕಟವಾದ 30 ದಿನಗಳೊಳಗಾಗಿ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಬೇರೆ ಕೆಲವು ಗ್ರಂಥಾಲಯಗಳಿಗೂ ತಮ್ಮ ಖರ್ಚಿನಲ್ಲಿಯೇ ಕಳುಹಿಸಬೇಕು. ಹಾಗೆ ಬಂದ ಪುಸ್ತಕಗಳಿಂದ ರಾಷ್ಟ್ರೀಯ ಗ್ರಂಥಸೂಚಿಯೂ ಸಿದ್ಧವಾಗತೊಡಗಿತು. ಅದರಲ್ಲಿ ಕನ್ನಡ ಕಾದಂಬರಿಗಳ ಹೆಸರುಗಳು ರೋಮನ್ ಲಿಪಿಯ ವೇಷದಲ್ಲಿ ನಿಂತಿವೆ. ನಾನು ಅವುಗಳ ಮೇಲೆ ಅನೇಕ ಮಧ್ಯಾಹ್ನಗಳನ್ನು ಕಳೆದಿದ್ದೇನೆ. ಲೇಖಕ, ಹೆಸರು, ಊರು, ಪ್ರಕಾಶಕ, ವರ್ಷ, ಪುಟ, ಬೆಲೆ, ಎಲ್ಲವೂ ಅಲ್ಲಿ ಉಂಟು. ಲೈಬ್ರರಿಯ ಅಲಗು ಕತ್ತರಿಸಿಹಾಕಿದುದೆಲ್ಲವೂ ಸೂಚಿಯಲ್ಲಿದೆ. ಅಲಗು ಉಳಿಸಿದ ಮುದುಕಿ, ಮಳೆ, ಕಾಗದ ಯಾವುದೂ ಅಲ್ಲಿಲ್ಲ. ಎರಡು ತುಂಡುಗಳೂ ನನ್ನ ಮುಂದಿವೆ, ಬೆಸೆಯುವ ದಾರವಿಲ್ಲ. ಅಂತರ್ಜಾಲದಲ್ಲಿ ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರಗಳಾಗಿ ತೆಗೆದಿರಿಸಿರುವ ಮಹನೀಯರಿಗೆ ನಾನು ಋಣಿ. ಆದರೆ ಸವೆದ ಮೊಳೆಗಳಿಂದ ಅಚ್ಚಾದ ಒತ್ತಕ್ಷರಗಳನ್ನು ಯಂತ್ರ ಇನ್ನೂ ತಡವರಿಸುತ್ತಲೇ ಓದುತ್ತಿದೆ. ಒಮ್ಮೆ ಉತ್ಸಾಹದಿಂದ ‘ನಯಾಪೈಸೆ’ ಎಂದು ಕೊಟ್ಟು ಹುಡುಕಿಸಿದೆನು. ಆ ಕಾಲದ ಪುಸ್ತಕಗಳ ಬೆಲೆಯೆಲ್ಲ ನಯಾಪೈಸೆಯಲ್ಲಿಯೇ ಅಲ್ಲವೆ? ಪಂಚಾಂಗ, ಪಠ್ಯಪುಸ್ತಕ, ಭಜನೆಯ ಪುಸ್ತಕಗಳೆಲ್ಲ ಸಾಲುಗಟ್ಟಿ ಬಂದು ನಿಂತುವು.

ಇಷ್ಟೊಂದು ಶ್ರಮವೇಕೆಂದು ನಮ್ಮ ಮನೆಯವರೇ ಕೇಳುವುದುಂಟು. ಸಾಹಿತ್ಯದ ದೃಷ್ಟಿಯಿಂದ ಅದು ಸಾಮಾನ್ಯ ಕೃತಿಯೇ ಆಗಿರಬಹುದು. ಎರಡನೆಯ ಮುದ್ರಣವನ್ನು ಕಾಣದೆಯೂ ಇರಬಹುದು. ಆದರೆ ಅಕ್ಕನಿಗೆ ಈಗ ಎಪ್ಪತ್ತೆಂಟು. ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾಳೆ. ಭಾವನವರು ತೀರಿಹೋದ ಮೇಲೆ, ನಾನು ಹೋದಾಗಲೆಲ್ಲ ಕಾಫಿಯ ಲೋಟವನ್ನು ಕೈಗೆ ಕೊಡುತ್ತ, “ಏನೋ, ಇನ್ನೂರ ಹದಿನಾಲ್ಕು ಸಿಕ್ಕಿತೇನೋ?” ಎಂದು ವಿಚಾರಿಸುತ್ತಾಳೆ. ಒಮ್ಮೆ ನಾನು, “ನೀನು ಹೇಳಿದ ಮೂರರಲ್ಲಿ ನಿನಗೆ ಒಪ್ಪಿಗೆಯಾದುದು ಯಾವುದಕ್ಕ?” ಎಂದು ಕೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಅಜ್ಜಿಗೆ ಬೇಕಾದ್ದು ಅಜ್ಜಿಗೆ, ಅಮ್ಮನಿಗೆ ಬೇಕಾದ್ದು ಅಮ್ಮನಿಗೆ ಹೇಳಿದೆ ಕಣೋ. ನಿನಗೆ ಹೇಳಿದ್ದು ನಂದು. ಆದರೆ ಬರೆದವರು ಏನು ಮಾಡಿದರು ಅಂತ ನೋಡಬೇಕು. ಸಿಕ್ಕಿದರೆ ನೀನು ಓದಿ ಹೇಳಬೇಡ, ಪುಸ್ತಕಾನೇ ತಂದುಕೊಡು” ಎಂದಳು. ಹೋದ ವರ್ಷ ಅವಳ ಎರಡನೆಯ ಕಣ್ಣಿಗೂ ಶಸ್ತ್ರಚಿಕಿತ್ಸೆಯಾಯಿತು. ಸಣ್ಣ ಅಕ್ಷರಗಳೂ ಈಗ ಚೆನ್ನಾಗಿ ಕಾಣುತ್ತವೆಂದು ನನಗೆ ದೂರವಾಣಿಯಲ್ಲಿ ತಿಳಿಸಿದಳು.

ಈ ಪತ್ರಿಕೆಯ ವಾಚಕರ ಮನೆಗಳಲ್ಲಿ, ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ, ಆ ಕಾಲದ ಕಾದಂಬರಿಗಳು ಇನ್ನೂ ಇದ್ದಾವು. ಘಟ್ಟವಿಳಿಯುವ ಬಸ್ಸು, ಎಂಟಾಣೆಯ ಮುದುಕಿ, ಮಾವನ ಮನೆಯ ಕಾಗದ, ಇವು ಮೂರೂ ಒಂದೇ ಪುಸ್ತಕದಲ್ಲಿ ಕಂಡುಬಂದರೆ ದಯವಿಟ್ಟು ಸಂಪಾದಕರಿಗೆ ಒಂದು ಸಾಲು ಬರೆಯಬೇಕೆಂದು ನನ್ನ ವಿಜ್ಞಾಪನೆ. ಪುಸ್ತಕವನ್ನು ನಾನೇ ಬಂದು ಕೊಂಡೊಯ್ದು, ಓದಿಸಿ, ಹಿಂದಕ್ಕೆ ತಂದೊಪ್ಪಿಸುತ್ತೇನೆ. ಹೊದಿಕೆ ಇಲ್ಲದಿದ್ದರೂ, ಹೆಸರಿನ ಪುಟ ಹರಿದಿದ್ದರೂ ಚಿಂತೆಯಿಲ್ಲ. ಕೊನೆಯ ಫಾರಂ ಇದ್ದರೆ ಸಾಕು.